ಓಟ ಮುಗಿಯುವ ತನಕ ನೀರಿಲ್ಲ

'ನಿಮ್ಮ ನಾಯಿ ಪಿಕ್ಚರದಾಗ ಐತಂತಲ್ರಿ' ಎಂದು ಯಾರಾದರೂ ನಗುನಗುತ್ತ ಕೇಳಿದರೆ ನನಗೆ ಮೈ ಉರಿಯುತ್ತದೆ. ಕೇಳುವವರ ತಪ್ಪಲ್ಲ, ಗೊತ್ತು. ಮೂಡಲಗಿಯಂಥ ಊರಿನ ನಾಯಿಯೊಂದು ಸಿನಿಮಾದಲ್ಲಿ ಓಡಿದರೆ ಅದು ದೊಡ್ಡ ಸುದ್ದಿಯೇ. ಜಂಪರ ಹೊಲಿಸಲು ಬರುವ ಹೆಂಗಸರು ತೋಳಿನ ಅಳತೆ ಕೊಡುತ್ತ ಅದನ್ನೇ ಕೇಳುತ್ತಾರೆ. ನಾನು ಹಲ್ಲಲ್ಲಿ ಟಾಚಣಿ, ಅದೇ ಗುಂಡುಪಿನ್ನು, ಕಚ್ಚಿಕೊಂಡು 'ಹೂಂ' ಎನ್ನುತ್ತೇನೆ. ಆ ನಾಯಿ ಸತ್ತುಹೋಗಿದೆ ಎಂದು ಹೇಳಲು ಹೋದರೆ, ಅಯ್ಯ ಹೆಂಗ ಸತ್ತತ್ರಿ ಎನ್ನುತ್ತಾರೆ. ಹೇಳಿದರೆ ಒಳಗೆ ಕೂತ ಮಗಳಿಗೆ ಕೇಳಿಸುತ್ತದೆ. ಅದಕ್ಕೇ ಟಾಚಣಿ ತೆಗೆಯುವುದಿಲ್ಲ.

ನನಗಿರುವುದು ಒಬ್ಬಳೇ ಮಗಳು. ಸಾಲೆಗೆ ಸೇರಿಸಿದ ವರ್ಷವೇ ಅವಳ ತುಟಿಯ ಪಕ್ಕ ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಹಾಲು ಕುಡಿದು ಒರೆಸಿಕೊಂಡಿಲ್ಲ ಎಂದುಕೊಂಡು ನಾನು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಆಮೇಲೆ ಅದು ಗಲ್ಲಕ್ಕೆ ಬಂತು, ಬೆರಳುಗಳಿಗೆ ಬಂತು, ಬಲಗೈಯಂತೂ ಮಣಿಕಟ್ಟಿನವರೆಗೆ ಬೆಳ್ಳಗಾಯಿತು. ಘಟಪ್ರಭಾದ ಡಾಕ್ಟರು ಅವಳ ಕೈಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು, ಇದು ರೋಗವಲ್ಲ, ಮುಟ್ಟಿದರೆ ಯಾರಿಗೂ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದರು. ನಾವು ನಂಬಿದೆವು. ಊರು ನಂಬಲಿಲ್ಲ. ಸಾಲೆಯಲ್ಲಿ ಬಿಸಿಯೂಟಕ್ಕೆ ಕೂತಾಗ ಅವಳ ಆಚೀಚೆಯ ಹುಡುಗಿಯರು ತಾಟು ಎತ್ತಿಕೊಂಡು ಅಷ್ಟು ದೂರ ಸರಿಯುತ್ತಿದ್ದರು. ಇದನ್ನು ಅವಳು ಹೇಳಲಿಲ್ಲ; ನಾನೇ ಒಂದು ದಿನ ಕಾಂಪೌಂಡಿನ ಆಚೆಯಿಂದ ನೋಡಿದೆ. ಮನೆಗೆ ಬಂದರೆ ಅವಳು ಹೇಳುತ್ತಿದ್ದುದೇ ಬೇರೆ. "ಇವತ್ತ ಕಣ್ಣಾಮುಚ್ಚಾಲಿ ಆಡಿದ್ವಿ ಅವ್ವಾ. ನಾ ಎಣಿಸಾಕಿ ಆಗಿದ್ನಿ."

"ಯಾರನ್ನ ಹಿಡದಿ?"

"ಹಿಡೀಲಿಲ್ಲ. ಬರೇ ಎಣಿಸಿದ್ನಿ."

ಬಾಜೂ ಮನೆಯ ಕಾಕು ಬಂದು, ಆ ದೇವರಿಗೆ ಹೋಗು, ಈ ಎಲೆ ಅರೆದು ಹಚ್ಚು, ನಿನ್ನ ಬಸಿರಿನಲ್ಲಿ ಏನೋ ತಿನ್ನಬಾರದ್ದು ತಿಂದಿದ್ದಿ ಎಂದೆಲ್ಲ ಹೇಳುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಎಲಿ ಅರದು ನಿಮ್ಮ ನಾಲಗಿಗೆ ಹಚ್ಚೂದಾದ್ರ ಹೇಳ್ರಿ ಕಾಕು, ನಾನೇ ತರ್ತೇನಿ" ಅಂದೆ. ಅಂದಿನಿಂದ ಅವರು ಬರಲಿಲ್ಲ. ಆಗೀಗ ಮಗಳ ಜೊತೆ ಆಡಲು ಬರುತ್ತಿದ್ದ ಅವರ ಮೊಮ್ಮಗಳೂ ಬರಲಿಲ್ಲ. ನನ್ನ ಬಾಯಿಂದ ಆಗುವ ಲಾಭ ಇಷ್ಟೇ.

ನಮ್ಮ ಮನೆಯವರು ಬೆಲ್ಲ ಸಾಗಿಸುವ ಗಾಡಿ ಓಡಿಸುತ್ತಾರೆ. ಅವರಿಗೆ ಸಣ್ಣಂದಿನಿಂದ ನಾಯಿಯ ನಾದ, ಹುಚ್ಚೆಂದರೂ ಸರಿ. ನಮ್ಮ ಕಡೆ ನಾದ ಹತ್ತಿತು ಎಂದರೆ ಅದು ಬಿಡುವಂಥದ್ದಲ್ಲ. ಎಲ್ಲಿ ನಾಯಿ ಓಡಿಸುವ ಶರ್ಯತ್ತು ಇದ್ದರೂ ಇವರು ಅಲ್ಲಿ ಹಾಜರು. ಒಂದು ಸಂಜೆ ಮುಧೋಳದ ಕಡೆಯಿಂದ ಬರುವಾಗ ಗಾಡಿಯ ಕ್ಯಾಬಿನ್ನಿನಲ್ಲಿ ಒಂದು ಬೇಟೆ ನಾಯಿಯ ಮರಿ ತಂದರು. ಬರೀ ಕಾಲು ಮತ್ತು ಮೂತಿ, ನಡುವೆ ಏನೂ ಇರಲಿಲ್ಲ. "ಮನುಷ್ಯಾರ ಚಹಾಕ್ಕ ಹಾಲಿಲ್ಲ, ಇದಕ್ಕ ಎಲ್ಲಿಂದ ತರೂದ್ರಿ" ಎಂದು ನಾನು ಶುರು ಮಾಡಿದ್ದೆ. ಮರಿ ತೂರಾಡುತ್ತ ಹೋಗಿ ಕಟ್ಟೆಯ ಮೇಲೆ ಕೂತಿದ್ದ ಮಗಳ ಬಲಗೈಯನ್ನು ನೆಕ್ಕತೊಡಗಿತು. ಬಿಳಿಯ ಕೈಯನ್ನೇ. ಬೆರಳಿನ ಸಂದಿಯನ್ನೂ ಬಿಡದೆ ನೆಕ್ಕಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು, ಎಲ್ಲರ ಮುಂದೆಯೂ ಹಾಗೆ ಮಾಡುವುದು ರೂಢಿಯಾಗಿತ್ತು. ಮರಿ ಅವಳ ಲಂಗದೊಳಗೆ ಮೂತಿ ತೂರಿಸಿ ಆ ಕೈಯನ್ನು ಹುಡುಕಿತು. ನಾನು ಒಳಗೆ ಹೋಗಿ ಹೊಲಿಗೆ ಮಷೀನಿನ ಮುಂದೆ ಕೂತು ಸುಮ್ಮನೆ ಚಕ್ರ ತಿರುಗಿಸುತ್ತ ಅತ್ತೆ.

ಆಮೇಲೆ ಹಾಲಿನ ಮಾತು ಎತ್ತಲಿಲ್ಲ.

ಶರ್ಯತ್ತು ಎಂದರೆ ಹೇಗಿರುತ್ತದೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಯಲಿನ ಒಂದು ತುದಿಯಲ್ಲಿ ಒಬ್ಬರು ನಾಯಿಯನ್ನು ಹಿಡಿದು ನಿಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ ಅದನ್ನು ಸಾಕಿದವರು ನಿಂತು, ಅದು ಮಲಗುವ ಬಟ್ಟೆಯನ್ನು ಬೀಸುತ್ತ ಕರೆಯುತ್ತಾರೆ. ಪೀಪಿ ಊದಿದ ಕೂಡಲೇ ಬಿಡುತ್ತಾರೆ. ಯಾರ ನಾಯಿ ತನ್ನವರ ಹತ್ತಿರ ಮೊದಲು ಬಂದು ಮುಟ್ಟುತ್ತದೋ ಅದು ಗೆದ್ದಂತೆ. ನಮ್ಮ ನಾಯಿ ನಮ್ಮ ಮನೆಯವರ ಕಡೆ ಓಡುವಾಗ ನಡುವೆ ನಿಂತು ಜೋಳದ ಕೂಳೆ ಮೂಸಿ ನೋಡುತ್ತಿತ್ತು. ಮಗಳು ತನ್ನ ಹಳೆಯ ನೀಲಿ ಯೂನಿಫಾರ್ಮಿನ ಲಂಗ ಬೀಸಿ "ಬಾರೋ" ಎಂದರೆ ಮಾತ್ರ ಹೊಟ್ಟೆ ನೆಲಕ್ಕೆ ತಾಗುವಂತೆ ಓಡಿ ಬರುತ್ತಿತ್ತು. ಅವಳ ಆ ದನಿಯನ್ನು ನಾನೇ ಅದಕ್ಕೂ ಮೊದಲು ಕೇಳಿರಲಿಲ್ಲ. ಮನೆಯಲ್ಲಿ ಉಪ್ಪು ಬೇಕೆಂದೂ ಕೇಳದ ಹುಡುಗಿ, ಬಯಲಿನ ಆ ತುದಿಗೆ ಮುಟ್ಟುವಂತೆ ಕೂಗುತ್ತಿದ್ದಳು.

ಇನ್ನೊಂದು ಪದ್ಧತಿ ಇದೆ. ಓಡುವ ನಾಯಿಗೆ ಹಿಂದಿನ ಸಂಜೆಯಿಂದ ಅನ್ನವಿಲ್ಲ, ಬೆಳಗಿನಿಂದ ನೀರಿಲ್ಲ. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಕರುಳು ಸುತ್ತಿಕೊಳ್ಳುತ್ತದೆ ಎನ್ನುತ್ತಾರೆ. ಓಟ ಮುಗಿದು ಏದುಸಿರು ಇಳಿದ ಮೇಲೆ ಮೊದಲು ಒದ್ದೆ ಅರಿವೆಯಿಂದ ಮೂತಿ ಒರೆಸಿ, ಆಮೇಲೆ ಗ್ಲುಕೋಸಿನ ನೀರು. ನಮ್ಮ ಮನೆಯವರು ಇದನ್ನು ಗುರುಗಳಿಂದ ಕಲಿತವರಂತೆ ಪಾಲಿಸುತ್ತಿದ್ದರು. ಓಟ ಎಂದರೆ ಎಷ್ಟು ಹೊತ್ತಿನ ಮಾತು? ನಾನು ಎರಡು ಹುಕ್ಕು ಹಚ್ಚುವುದರೊಳಗೆ ಮುಗಿದಿರುತ್ತದೆ. ಒಂದು ಮುಂಜಾನೆ ನೀರಿಲ್ಲದಿದ್ದರೆ ಯಾವ ನಾಯಿಗೂ ಏನೂ ಆಗುವುದಿಲ್ಲ.

ನನ್ನ ತವರು ಮಮದಾಪುರ. ಅಲ್ಲಿಯ ಬಯಲಿನಲ್ಲಿ ನಮ್ಮ ನಾಯಿ ಗೆದ್ದಿತು. ಅದರ ಹಣೆಗೆ ಭಂಡಾರ ಹಚ್ಚಿ, ಕೊರಳಿಗೆ ಹೂವಿನ ಹಾರ ಹಾಕಿ, ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಆ ವಿಡಿಯೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹೋಗಿ, ಕೊನೆಗೆ ಬೆಂಗಳೂರಿನ ಸಿನಿಮಾದವರಿಗೆ ತಲುಪಿತು.

ಅವರು ಮನೆಗೇ ಬಂದರು. ನಿರ್ದೇಶಕರು ನಮ್ಮ ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಅವಲಕ್ಕಿ ತಿನ್ನುತ್ತ ಕತೆ ಹೇಳಿದರು. ಒಂದು ಮಗು. ಅದಕ್ಕೆ ಗೆಳೆಯರಿಲ್ಲ, ಯಾರೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಅದಕ್ಕೊಂದು ನಾಯಿ ಸಿಗುತ್ತದೆ. ನಾಯಿ ಓಟದಲ್ಲಿ ಗೆಲ್ಲುತ್ತದೆ, ಊರೆಲ್ಲ ಮಗುವನ್ನು ಎತ್ತಿಕೊಂಡು ಕುಣಿಯುತ್ತದೆ. ಇಡೀ ಕುಟುಂಬ ಕೂತು ನೋಡುವ ಸಿನಿಮಾ ಎಂದರು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಇವರಿಗೆ ನನ್ನ ಮಗಳ ಕತೆ ಯಾರು ಹೇಳಿದರು ಎಂದುಕೊಂಡೆ. ಅಷ್ಟರಲ್ಲಿ ಮಗಳು ನೀರಿನ ತಂಬಿಗೆ ತಂದಿಟ್ಟಳು. ನಿರ್ದೇಶಕರು ಅವಳ ಮುಖ ನೋಡಿದರು, ಕೈ ನೋಡಿದರು, ಆಮೇಲೆ ಅವಲಕ್ಕಿಯ ತಾಟು ನೋಡಿದರು.

"ಮಗುವಿನ ಪಾತ್ರಕ್ಕೆ ಬೆಂಗಳೂರಿಂದ ಒಬ್ಬ ಹುಡುಗ ಬರ್ತಾನೆ. ಪಾಪು ಕ್ಯಾಮೆರಾ ಹಿಂದೆ ನಿಂತು ನಾಯೀನ ಕರೆದ್ರೆ ಸಾಕು ಮೇಡಂ. ಕಾಣೋದು ಬೇಡ."

ಕೆಟ್ಟ ಮನುಷ್ಯನಲ್ಲ. ಮೆತ್ತಗೇ ಹೇಳಿದರು. ನನಗೆ ಆ ತಾಟು ಕಿತ್ತುಕೊಂಡು ಬಾಗಿಲು ತೋರಿಸುವಷ್ಟು ಸಿಟ್ಟು ಬಂದಿತ್ತು. ಆದರೆ ಸುದ್ದಿ ಹಬ್ಬಿದ ಮರುದಿನವೇ ಸಾಲೆಯ ಇಬ್ಬರು ಹುಡುಗಿಯರು ಪಿಕ್ಚರಿನ ನಾಯಿ ನೋಡಲು ಮನೆಗೆ ಬಂದರು. ಬಾಗಿಲಲ್ಲೇ ನಿಂತರು, ನಿಜ, ಒಳಗೆ ಬರಲಿಲ್ಲ. ಆದರೂ ಬಂದರು. ಮಗಳು ನಾಯಿಯ ಕಿವಿ ಎತ್ತಿ ತೋರಿಸುತ್ತ, ಅದು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ ಎಂದು ಒಂದೇ ಸಮನೆ ಮಾತಾಡುತ್ತಿದ್ದಳು. ಆ ಮಾತು ನಿಲ್ಲಬಾರದು ಎಂದು ನಾನು ಒಪ್ಪಿಕೊಂಡೆ. ನನಗೆ ಬೇರೆ ಏನೂ ಬೇಕಿರಲಿಲ್ಲ.

ಶೂಟಿಂಗ್ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ. ಬೇಸಿಗೆಗೆ ನೀರು ಇಳಿದು ವಿಶಾಲವಾದ ಬಯಲು ತೆರೆದುಕೊಂಡಿತ್ತು. ಆಚೆಗೆ ಉಳಿದ ನೀರು ಹೊಳೆಯುತ್ತಿತ್ತು. ನಮ್ಮ ಮನೆಯವರು ಶರ್ಯತ್ತಿಗೆ ತಯಾರು ಮಾಡಿದ ಹಾಗೆಯೇ ನಾಯಿಯನ್ನು ತಯಾರು ಮಾಡಿದ್ದರು. ಹಿಂದಿನ ಸಂಜೆಯಿಂದ ಅನ್ನವಿಲ್ಲ, ಬೆಳಗಿನಿಂದ ನೀರಿಲ್ಲ. ನಾಲ್ಕು ಮಂದಿ ನೋಡುವ ಕೆಲಸ, ನಾಯಿ ಚೆನ್ನಾಗಿ ಓಡಬೇಕು ಎಂದು ಹೊಸ ಅಂಗಿ ಬೇರೆ ಹಾಕಿಕೊಂಡಿದ್ದರು.

ಸಿನಿಮಾದ ಆ ಹುಡುಗ ಬೆಳ್ಳಗೆ, ದುಂಡಗೆ ಇದ್ದ. ನಾಯಿ ಕಂಡರೆ ಹೆದರುತ್ತಿದ್ದ. ಆದರೆ ಅವನು ನೇರ ಬಂದು ನನ್ನ ಮಗಳ ಪಕ್ಕ ಕೂತು, ಚಿಪ್ಸಿನ ಪಾಕೀಟನ್ನು ಇಬ್ಬರ ನಡುವೆ ಇಟ್ಟ. ಅವಳು ತೆಗೆದುಕೊಳ್ಳಲಿಲ್ಲ ಎಂದು ಅವಳ ಬಿಳಿಯ ಕೈಯನ್ನೇ ಹಿಡಿದು ಪಾಕೀಟಿನೊಳಗೆ ಹಾಕಿದ. ಅವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ಈಗಲೂ ನನ್ನ ಕಣ್ಣಲ್ಲಿದೆ. ಅವಳ ಬದುಕಿನಲ್ಲಿ ಅಂಥ ಬೆಳಗು ಇನ್ನೊಂದು ಬಂದಿಲ್ಲ.

ಮೊದಲ ಓಟ ಚೆನ್ನಾಗಿಯೇ ಆಯಿತು. ಮಗಳು ಕ್ಯಾಮೆರಾದ ಹಿಂದೆ ನಿಂತು ಲಂಗ ಬೀಸಿ ಕರೆದಳು, ನಾಯಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಗ್ಲುಕೋಸಿನ ಬಾಟಲಿ ಬಿಚ್ಚಿದರು. ಆಗ ಯಾರೋ ಕೂಗಿದರು, ಇನ್ನೊಂದು ಸಲ. ಅವರು ಬಾಟಲಿ ಮುಚ್ಚಿದರು. ಓಟ ಇನ್ನೂ ಇದೆಯಲ್ಲ, ಓಡುವ ನಾಯಿಗೆ ನೀರು ಕುಡಿಸುವುದು ಹೇಗೆ? ಒದ್ದೆ ಅರಿವೆಯಿಂದ ಮೂತಿ ಒರೆಸಿ, ಆ ತುದಿಗೆ ಕರೆದುಕೊಂಡು ಹೋದರು. ಆ ಓಟಕ್ಕೆ ಮೋಡ ಅಡ್ಡ ಬಂತು. ಮುಂದಿನದಕ್ಕೆ ಹುಡುಗ ಹೆದರಿ ಓಡಿದ. ಅದರ ಮುಂದಿನದಕ್ಕೆ ದೂರದಲ್ಲಿ ಮೀನು ಹಿಡಿಯುವವರ ತೆಪ್ಪ ಕಂಡಿತಂತೆ. ಪ್ರತಿ ಸಲವೂ ಇದೊಂದೇ, ಇದೊಂದು ಆದರೆ ಆಯಿತು ಎನ್ನುತ್ತಿದ್ದರು. ಪ್ರತಿ ಸಲವೂ ನಮ್ಮ ಮನೆಯವರು ಬಾಟಲಿ ಬಿಚ್ಚುವುದು, ಮುಚ್ಚುವುದು. ಬಿಸಿಲು ನೆತ್ತಿಗೆ ಬಂದಿತ್ತು. ಬಯಲಿನ ಮಣ್ಣು ಹೆಂಚಿನಂತೆ ಕಾದಿತ್ತು.

"ನೀರ ಕುಡಸ್ರಿ, ನಾಲಗಿ ನೋಡ್ರಿ ಅದರದ" ಎಂದು ನಾನು ಹೋಗಿ ಜಗಳವಾಡಿದೆ.

"ಓಟ ಮುಗಿಯೂ ತನಕಾ ನೀರಿಲ್ಲ. ನಡುವ ಕುಡಿಸಿದ್ರ ಹೊಟ್ಟಿ ಹಿಡದು ಸಾಯ್ತೈತಿ. ನಿನಗ ತಿಳೀದ ಇದ್ದದ್ದ ಮಾತಾಡಬ್ಯಾಡ."

ಸಿನಿಮಾದವರ ಹತ್ತಿರ ನೀರಿನ ಡಬ್ಬಿಗಳ ರಾಶಿಯೇ ಇತ್ತು. ಅವರಲ್ಲೊಬ್ಬರು, "ನಾಯಿಗೆ ನೀರು ಕೊಡ್ಲಾ ಸಾರ್?" ಎಂದು ಕೇಳಿದರು ಕೂಡ. "ಬ್ಯಾಡ್ರಿ, ನನಗ ಗೊತ್ತೈತಿ" ಎಂದರು ಇವರು. ಅಷ್ಟು ವರ್ಷ ನಾಯಿ ನೋಡಿದ ಮನುಷ್ಯ ಹೇಳಿದ ಮೇಲೆ ಅವರೇನು ಹೇಳುತ್ತಾರೆ? ಶರ್ಯತ್ತಿನ ಓಟಕ್ಕೆ ಒಂದು ಕೊನೆ ಇದೆ. ಆ ದಿನದ ಓಟಕ್ಕೆ ಕೊನೆಯೇ ಇರಲಿಲ್ಲ, ಅದು ನಮ್ಮ ಮನೆಯವರ ತಲೆಗೆ ಹೊಳೆಯಲೇ ಇಲ್ಲ.

ಕಡೆಯ ಹೊತ್ತಿಗೆ ಮಗಳ ಗಂಟಲು ಕಟ್ಟಿತ್ತು. "ಅವ್ವಾ, ಅದಕ್ಕ ಸಾಕಾಗೇತಿ" ಎಂದಳು. ಸಹಾಯಕ ನಿರ್ದೇಶಕಿಯೊಬ್ಬಳು ಮೊಣಕಾಲೂರಿ ಕೂತು, "ಇದೊಂದೇ ಪುಟ್ಟಾ, ನೀನು ಜೋರಾಗಿ ಕರೆದ್ರೆ ಬೇಗ ಮುಗಿಯುತ್ತೆ" ಎಂದಳು. ಬೇಗ ಮುಗಿಯಲಿ ಎಂದು ನನ್ನ ಮಗಳು ಜೋರಾಗಿ ಕರೆದಳು. ಕಾಲ ಬೆರಳ ಮೇಲೆ ನಿಂತು, ಲಂಗವನ್ನು ತಲೆಯ ಮೇಲೆ ಬೀಸಿ, "ಬಾರೋ, ಬಾರೋ" ಎಂದಳು.

ಅದು ಬಂತು. ಮುಂಜಾನೆಗಿಂತ ಚೆನ್ನಾಗಿ ಬಂತು ಎಂದು ಎಲ್ಲರೂ ಹೇಳಿದರು. ನಿರ್ದೇಶಕರು ಇದೇ, ಇದೇ ಎಂದು ಕುಣಿದರು. ನಾಯಿ ಹುಡುಗನನ್ನೂ ಕ್ಯಾಮೆರಾವನ್ನೂ ದಾಟಿ ಬಂದು ಮಗಳ ಕೈಗೆ ಮೂತಿ ಮುಟ್ಟಿಸಿತು. ಅದರ ಹಿಂಗಾಲು ಒಂದಕ್ಕೊಂದು ತೊಡರಿತು. ಅಲ್ಲೇ ಕುಸಿದು ಬಿತ್ತು. ನಾಲಗೆ ನೇರಳೆಯಾಗಿತ್ತು. ಮೈ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತೆ ಸುಡುತ್ತಿತ್ತು. ಈಗ ನಮ್ಮ ಮನೆಯವರು ಬಾಟಲಿ ಬಿಚ್ಚಿ ಬಾಯಿಗೆ ಸುರಿದರು. ನೀರು ಒಳಗೆ ಹೋಗಲಿಲ್ಲ, ಪಕ್ಕದಿಂದ ಮಣ್ಣಿಗೆ ಇಳಿಯಿತು.

ಸಿನಿಮಾದವರೇ ಗಾಡಿ ಕೊಟ್ಟರು. ದನದ ಡಾಕ್ಟರ ಹತ್ತಿರ ಎಂದು ಹುಕ್ಕೇರಿಯ ಕಡೆ ಹೊರಟೆವು. ಮಗಳ ತೊಡೆಯ ಮೇಲೆ ಅದರ ತಲೆ ಇತ್ತು. ನಾನು ಸೆರಗು ನೆನೆಸಿ ನೆನೆಸಿ ಅದರ ಹೊಟ್ಟೆಯ ಮೇಲೆ ಹಿಂಡುತ್ತಿದ್ದೆ. ಹುಕ್ಕೇರಿಯ ಮನೆಗಳು ಕಾಣುವ ಮೊದಲೇ ಅದರ ಪಕ್ಕೆ ಏರಿಳಿಯುವುದು ನಿಂತಿತು. ಮಗಳು ಅದನ್ನು ನಮಗಿಂತ ಮೊದಲೇ ತಿಳಿದಳು, ಹೇಳಲಿಲ್ಲ. ಡ್ರೈವರ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದ ಮೇಲೆ ನಮಗೆ ಗೊತ್ತಾಯಿತು.

ರಸ್ತೆಯ ಬದಿಯಲ್ಲಿ ನಿಂತು ನಾನು ಗಂಡನಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಅವರು ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ, "ಹೊಟ್ಟಿ ಹಿಡೀಬಾರ್ದಂತ ಮಾಡಿದ್ನಿ, ಖರೆ ಹೇಳ್ತೇನಿ, ಹೊಟ್ಟಿ ಹಿಡೀಬಾರ್ದಂತ" ಎಂದು ಅದನ್ನೇ ಹೇಳುತ್ತಿದ್ದರು. ಅವರನ್ನು ಬೈದು ನನಗೆ ಏನೂ ಸಿಗಲಿಲ್ಲ. ಸಿನಿಮಾದವರನ್ನು ಬೈದೆ, ಬಿಸಿಲನ್ನು ಬೈದೆ, ಅವಲಕ್ಕಿ ಕಲಸಿ ಕೊಟ್ಟ ನನ್ನ ಕೈಯನ್ನೂ ಬೈದೆ. ಯಾವುದರಿಂದಲೂ ಏನೂ ಆಗಲಿಲ್ಲ.

ಮಮದಾಪುರದಲ್ಲಿ, ನನ್ನ ಅಣ್ಣನ ಹೊಲದ ಬದುವಿನಲ್ಲಿ ಹೂಳಿದೆವು. ನೀಲಿ ಲಂಗವನ್ನು ಮಗಳೇ ಹೊದಿಸಿದಳು. ಆ ರಾತ್ರಿ ಮಲಗುವ ಮುಂದೆ ಒಂದೇ ಮಾತು ಹೇಳಿದಳು.

"ನಾ ಕರೀಲಿಲ್ಲಂದ್ರ ಅದು ಬರತಿರಲಿಲ್ಲವ್ವಾ."

ನಾನು ಹಾಗಲ್ಲ ಎಂದೆ. ದೊಡ್ಡವರ ತಪ್ಪು, ನಿನ್ನದಲ್ಲ ಎಂದೆ. ಎಷ್ಟು ಹೇಳಿದರೂ ಅವಳ ಮಾತು ಸುಳ್ಳಾಗಲಿಲ್ಲ. ಅದು ಅವಳು ಕರೆದದ್ದಕ್ಕೇ ಬಂದಿತ್ತು, ಪ್ರತಿ ಸಲವೂ.

ಅಂದಿನಿಂದ ಅವಳು ಯಾರನ್ನೂ ಕರೆಯುವುದಿಲ್ಲ. ಇದನ್ನು ನಾನು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಅವ್ವಾ ಎಂದು ಒಳಗಿನಿಂದ ಕೂಗುವುದಿಲ್ಲ. ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ, ನಾನು ತಿರುಗಿ ನೋಡುವ ತನಕ. ಅಪ್ಪ ಗಾಡಿ ತೆಗೆದುಕೊಂಡು ಹೊರಟರೆ, ಡಬ್ಬಿ ಮರೆತಿದ್ದರೂ ಕೂಗುವುದಿಲ್ಲ. ಡಬ್ಬಿ ಹಿಡಿದು ರಸ್ತೆಯ ತನಕ ಓಡುತ್ತಾಳೆ. ಸಾಲೆಯ ಆ ಇಬ್ಬರು ಹುಡುಗಿಯರು ಮತ್ತೆ ಬರಲಿಲ್ಲ. ನೋಡಲು ನಾಯಿಯೇ ಇರಲಿಲ್ಲವಲ್ಲ. ಇವಳು ಬಿಸಿಲು ಕಾಲದಲ್ಲೂ ಉದ್ದ ತೋಳಿನ ಅಂಗಿ ಕೇಳುತ್ತಾಳೆ. ನಾನೇ ಹೊಲಿದುಕೊಡುತ್ತೇನೆ, ಬೆರಳು ಮುಚ್ಚುವಷ್ಟು ಉದ್ದ.

ಸಿನಿಮಾ ಗೋಕಾಕಕ್ಕೆ ಬಂತು. ಸಿನಿಮಾದವರು ಫೋನ್ ಮಾಡಿ ಬಹಳ ಗೌರವದಿಂದ ಕರೆದರು. ನಾನು ಬರುವುದಿಲ್ಲ ಎಂದು ಫೋನಿಟ್ಟೆ. ಬಟ್ಟೆಗೆ ಕತ್ತರಿ ಹಾಕುತ್ತಿದ್ದಾಗ ಮಗಳು ಬಂದು ನಿಂತಳು. "ಅದನ್ನ ಒಮ್ಮೆ ನೋಡ್ತೇನವ್ವಾ" ಎಂದಳು. ಆ ಉದ್ದ ತೋಳಿನ ಅಂಗಿ ಬಿಟ್ಟರೆ ಆ ಹುಡುಗಿ ನನ್ನನ್ನು ಏನಾದರೂ ಕೇಳಿ ಎಷ್ಟೋ ದಿನವಾಗಿತ್ತು. ಬೇಡ ಎನ್ನಲು ನಾಲಗೆ ಏಳಲಿಲ್ಲ. ಯಾರಿಗೆ ಗೊತ್ತು, ಜೀವಂತ ಓಡುವುದನ್ನು ನೋಡಿದರೆ ಎದೆ ಹಗುರಾದೀತು ಎಂದೂ ಒಂದು ಮೂರ್ಖ ಆಸೆ.

ಮೂವರೂ ಬಸ್ಸಿನಲ್ಲಿ ಹೋದೆವು. ನಮ್ಮ ಮನೆಯವರು ಥೇಟರಿನ ಬಾಗಿಲ ತನಕ ಬಂದು, "ನೀವ ನೋಡ್ಕೊಂಡು ಬರ್ರಿ, ನಾ ಇಲ್ಲೇ ಚಾದಂಗಡ್ಯಾಗ ಕುಂತಿರ್ತೇನಿ" ಎಂದರು. ನಾನು ಒತ್ತಾಯ ಮಾಡಲಿಲ್ಲ.

ಒಳಗೆ ಮಕ್ಕಳೇ ಮಕ್ಕಳು. ಸಿನಿಮಾ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಬ್ಬಂಟಿ ಹುಡುಗ ಅತ್ತಾಗ ಎಲ್ಲ ತಾಯಂದಿರೂ ಕಣ್ಣೊರೆಸಿಕೊಂಡರು. ಸಾಲೆಯಲ್ಲಿ ಅವನ ಪಕ್ಕ ಯಾರೂ ಕೂರದಿದ್ದಾಗ ನಮ್ಮ ಹಿಂದಿನ ಸಾಲಿನ ಹೆಂಗಸು "ಪಾಪ ಕೂಸ" ಎಂದಳು. ಅದೇ ಹೆಂಗಸು, ನಾವು ಬಂದು ಕೂತಾಗ ತನ್ನ ಮಗನನ್ನು ನನ್ನ ಮಗಳ ಹಿಂದಿನ ಕುರ್ಚಿಯಿಂದ ಎಬ್ಬಿಸಿ ಆಚೆಗೆ ಕೂರಿಸಿಕೊಂಡಿದ್ದಳು. ನಾನು ನೋಡಿದ್ದೆ. ತಿರುಗಿ ಏನಾದರೂ ಅನ್ನಬೇಕಿತ್ತು. ಅಂದು ನನಗೆ ಶಕ್ತಿ ಇರಲಿಲ್ಲ.

ಕೊನೆಯ ಓಟ ಬಂತು. ಹಿಡಕಲ್‌ನ ಆ ಬಯಲು, ಆಚೆಗೆ ಹೊಳೆಯುವ ನೀರು. ದೂರದಲ್ಲಿ ಒಂದು ಚುಕ್ಕೆಯಾಗಿ ನಮ್ಮ ನಾಯಿ. ಮಕ್ಕಳು ಕುರ್ಚಿಯ ಮೇಲೆ ಹತ್ತಿ ಸೀಟಿ ಹೊಡೆದರು. ಆ ಹುಡುಗ ತೆರೆಯ ಮೇಲೆ ತೋಳು ಚಾಚಿ ಕರೆಯುತ್ತಿದ್ದ, ಬೇರೆ ಯಾವುದೋ ದನಿಯಲ್ಲಿ. ನಾಯಿ ಅವನನ್ನು ನೋಡುತ್ತಿರಲಿಲ್ಲ. ಅದರ ಕಣ್ಣು ಅವನನ್ನು ದಾಟಿ ನೇರ ನಾವು ಕೂತ ಕಡೆಗಿತ್ತು. ತೆರೆಯ ಒಂದು ಮೂಲೆಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ಒಂದು ನೀಲಿ ಬಟ್ಟೆಯ ಅಂಚು ಹಾರಿ ಮಾಯವಾಯಿತು. ಇಡೀ ಸಿನಿಮಾದಲ್ಲಿ ನನ್ನ ಮಗಳು ಇರುವುದು ಅಷ್ಟೇ.

"ಇದು ಕಡೀ ಓಟವ್ವಾ" ಎಂದಳು. ನನಗೂ ಗೊತ್ತಾಗಿತ್ತು. ನಾಲಗೆಯ ಬಣ್ಣ ಹೇಳುತ್ತಿತ್ತು.

ನಾನು ಅವಳ ಕಣ್ಣು ಮುಚ್ಚಲು ಕೈ ಚಾಚಿದೆ. ಅವಳು ತಳ್ಳಿ ಎದ್ದು ನಿಂತಳು. ತೋಳಿನೊಳಗೆ ಬಚ್ಚಿಟ್ಟ ಬಿಳಿಯ ಕೈ ಹೊರಗೆ ಬಂತು, ಅಂಗೈ ಮುಂದೆ ಮಾಡಿ ತಡೆಯುವವಳಂತೆ ನಿಂತಳು. ಹಿಡಕಲ್‌ನ ಬಯಲಿನ ಆ ತುದಿಗೆ ಮುಟ್ಟುತ್ತಿದ್ದ ದನಿ, ನಾನು ಮತ್ತೆ ಕೇಳುತ್ತೇನೆ ಎಂಬ ಆಸೆಯನ್ನೇ ಬಿಟ್ಟಿದ್ದ ದನಿ, ಆ ಕತ್ತಲೆಯಲ್ಲಿ ಎದ್ದಿತು.

"ಬರಬ್ಯಾಡೋ."

ಮುಂದಿನ ಸಾಲಿನವರು ತಿರುಗಿ, ಸುಮ್ಮನಿರುವಂತೆ ಸನ್ನೆ ಮಾಡಿದರು. ಮಕ್ಕಳು ಇನ್ನೂ ಸೀಟಿ ಹೊಡೆಯುತ್ತಿದ್ದರು. ಅವಳು ಮತ್ತೆ ಕೂಗಿದಳು, ಬರಬ್ಯಾಡೋ, ಅಲ್ಲೇ ನಿಂದರೋ. ಯಾವತ್ತೂ ಅವಳ ಕರೆಗೆ ತಪ್ಪದ ನಾಯಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಬರುತ್ತಲೇ ಇತ್ತು.